ಬಸುರಿ ಗದ್ದೆಯ ಸೀಮಂತ

ಕಟಪಾಡಿಯಿಂದ ಶಿರ್ವದ ಕಡೆಗೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆ ಬಿಟ್ಟು ಸ್ವಲ್ಪ ಒಳಗೆ ಇಳಿದರೆ ಒಂದು ಸಣ್ಣ ಬಯಲು ಸಿಗುತ್ತದೆ. ಆ ಬಯಲಿನ ಬಾಯಿಯಲ್ಲೇ ಇರುವ ಗದ್ದೆಯನ್ನು ಈ ವರ್ಷ ರೇಣುಕವ್ವ ಮಾಡುತ್ತಾಳಂತೆ ಎಂಬ ಸುದ್ದಿ ಹಬ್ಬಿದಾಗ ನಗದವರು ಕಡಿಮೆ. ನಗುವುದಕ್ಕೆ ಕಾರಣವೂ ಇತ್ತೆನ್ನಿ. ಇಪ್ಪತ್ತು ವರ್ಷಗಳಿಂದ ಈ ಊರು ಅವಳನ್ನು ಕಂಡದ್ದು ತಲೆಯ ಮೇಲೆ ಸಿಮೆಂಟಿನ ಬಾಂಡ್ಲಿ ಹೊತ್ತವಳಾಗಿ. ಮಣಿಪಾಲದ ಗುಡ್ಡದ ಮೇಲೆ ಎದ್ದು ನಿಂತ ಕಟ್ಟಡಗಳಲ್ಲಿ ಅವಳು ಮೆಟ್ಟಿಲು ಹತ್ತದೇ ಇದ್ದದ್ದು ಯಾವುದು ಎಂದು ಹುಡುಕಿ ನೋಡಬೇಕು. ಗಂಡ ರೇವಪ್ಪ ಗಾರೆ ಕೆಲಸದವನು. ಅವನು ಕಟ್ಟುವುದು, ಅವಳು ಹೊತ್ತು ಕೊಡುವುದು. ಅಂಥವಳು ಭತ್ತ ಬೆಳೆಯುತ್ತೇನೆ ಎಂದರೆ ಕಟಪಾಡಿಯ ಆಟೋ ಸ್ಟ್ಯಾಂಡಿನವರಿಗೆ ಒಂದು ವಾರದ ಮಾತಿಗೆ ಸಾಕಾಯಿತು.

ಆದರೆ ರೇಣುಕವ್ವನಿಗೆ ಬೇಕಾಗಿದ್ದದ್ದು ಭತ್ತವೇ ಅಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ದಿನ.

ಅವಳು ರೋಣದ ಕಡೆಯ ಎರೆಮಣ್ಣಿನ ಹೆಂಗಸು. ಆ ಸೀಮೆಯಲ್ಲಿ ಮಳೆ ಹಿಂದೆ ಸರಿದು, ಬಿಸಿಲಿಗೆ ಹೊಸ ಬಣ್ಣ ಬಂದು, ಹೊಲದಲ್ಲಿ ತೆನೆಗೆ ಹಾಲು ತುಂಬುವ ಹೊತ್ತಿಗೆ ಸೀಗೆ ಹುಣ್ಣಿಮೆ ಬರುತ್ತದೆ. ಆಗ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ತೀರಿಸಬೇಡವೇ? ಕಡುಬು, ಹೋಳಿಗೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರನ್ನ ಎಲ್ಲ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ಎಲ್ಲ ಅಡುಗೆಯನ್ನೂ ಒಟ್ಟಿಗೆ ಕಲಸಿ ಹೊಲದ ಸುತ್ತ ಚೆಲ್ಲುತ್ತ ನಡೆಯುತ್ತಾರೆ. ಅದೇ ಚರಗ. ಮುಂದಿನವರು "ಹುಲ್ಲುಲ್ಲಿಗೋ" ಎಂದು ಕೂಗಿದರೆ ಹಿಂದಿನವರು "ಚಳ್ಳಂಬ್ರಿಗೋ" ಎನ್ನಬೇಕು. ಅದರ ಅರ್ಥ ಕೇಳಿದರೆ ರೇಣುಕವ್ವನ ಅವ್ವ ಸಿಟ್ಟಾಗುತ್ತಿದ್ದಳು. ಅರ್ಥ ತಗೊಂಡು ಏನು ಮಾಡತಿ, ಜೋರಾಗಿ ಕೂಗು ಎನ್ನುತ್ತಿದ್ದಳು. ಆಮೇಲೆ ಬೆಳೆಯ ನಡುವೆ ಕುಳಿತು ಊಟ. ಮಳೆಗಾಲಕ್ಕೂ ಚಳಿಗಾಲಕ್ಕೂ ನಡುವೆ ದೇವರು ಇಟ್ಟ ಆ ನಾಲ್ಕು ದಿನಗಳಷ್ಟು ಚೆಂದದ ಕಾಲ ಇನ್ನೊಂದಿಲ್ಲ ಎಂಬುದು ರೇಣುಕವ್ವನ ಖಚಿತ ಅಭಿಪ್ರಾಯ.

ಮದುವೆಯಾದ ಮೇಲೆ ಗಂಡನ ಹಿಂದೆ ಉಡುಪಿಗೆ ಬಂದಳು. ಕೆಲಸಕ್ಕೆ ಕೊರತೆಯಿರಲಿಲ್ಲ, ಅನ್ನಕ್ಕೂ ಇರಲಿಲ್ಲ. ಹೊಲ ಮಾತ್ರ ಇರಲಿಲ್ಲ. ಆದರೂ ಅವಳು ಹುಣ್ಣಿಮೆ ಬಿಟ್ಟವಳಲ್ಲ. ಒಂದು ವರ್ಷ ಮಣಿಪಾಲದಲ್ಲಿ ಪಾಯ ತೋಡಿದ್ದ ಗುಂಡಿಯ ಸುತ್ತ ಚರಗ ಚೆಲ್ಲಿದಳು. ಊರಿನ ನಾಯಿಗಳೆಲ್ಲ ಬಂದು ಸೇರಿ, ಕಂತ್ರಾಟುದಾರ ಬೈದದ್ದೇ ಬೈದದ್ದು. ಇನ್ನೊಂದು ವರ್ಷ ಅಂಬಲಪಾಡಿಯಲ್ಲಿ ಯಾರದೋ ಕಾಂಪೌಂಡಿನ ಮೇಲಿಂದ ಒಳಗಿನ ಹುಲ್ಲುಹಾಸಿಗೆ ಚೆಲ್ಲಿದಳು. ಹುಲ್ಲುಹಾಸು ಬಸುರಾಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಏನು ಮಾಡುವುದು, ಹಸಿರಾಗಿ ಕಂಡದ್ದು ಅದೊಂದೇ. ಆ ದಿನ ಜೊತೆಗಿದ್ದ ಮಗಳು ಜಯಮಾಲಾ ನಾಚಿಕೆಯಿಂದ ರಸ್ತೆಯ ಆಚೆ ಬದಿಗೆ ಹೋಗಿ, ಸಂಬಂಧವೇ ಇಲ್ಲದವಳ ಹಾಗೆ ನಿಂತಿದ್ದಳು.

ಜಯಮಾಲಾ ಹುಟ್ಟಿದ್ದೇ ಇಲ್ಲಿ. ಈಗ ಉಡುಪಿಯ ಬಟ್ಟೆಯಂಗಡಿಯೊಂದರಲ್ಲಿ ಕೆಲಸ. ತುಳು ಮಾತಾಡಿದರೆ ನಿನ್ನ ಮನೆ ಇಲ್ಲೇ ಎಲ್ಲೋ ಅಲ್ಲವೇ ಎಂದು ಕೇಳುತ್ತಾರೆ. ಅವಳ ಪಾಲಿಗೆ ಚರಗವೆಂದರೆ ಅವ್ವ ವರ್ಷಕ್ಕೊಮ್ಮೆ ಜನರೆದುರು ಅನ್ನ ಎಸೆದು ಮಾನ ಕಳೆಯುವ ದಿನ. "ಹುಲ್ಲುಲ್ಲಿಗೋ" ಎಂದರೆ ಉತ್ತರ ಕೊಡಬೇಕೆಂದು ಅವಳಿಗೆ ತಿಳಿದಿತ್ತು, ಆದರೆ ಒಮ್ಮೆಯೂ ಕೊಟ್ಟಿರಲಿಲ್ಲ. ಇದು ರೇಣುಕವ್ವನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಮಗಳು ಮದುವೆಯಾಗಿ ಹೋಗುವುದರೊಳಗೆ ಒಮ್ಮೆಯಾದರೂ ಒಂದು ಬಸುರಿ ಹೊಲದಲ್ಲಿ ಅವಳನ್ನು ನಿಲ್ಲಿಸಬೇಕು, ಅದೂ ತನ್ನ ಕೈಯಾರೆ ಬೆಳೆದ ಹೊಲದಲ್ಲಿ. ಇಷ್ಟೇ ಅವಳ ಆಸೆ.

ಆಸೆಗೆ ದಾರಿ ತೆರೆದದ್ದು ಅಂಬಲಪಾಡಿಯ ರಮಾಮಣಿ ಟೀಚರ್. ಅವರ ಮನೆಯ ಬಚ್ಚಲುಗೋಡೆ ರಿಪೇರಿಗೆ ಹೋದಾಗ ಮಾತಿಗೆ ಮಾತು ಬಂತು. ಟೀಚರಿಗೆ ತವರಿನಿಂದ ಬಂದ ಗದ್ದೆ, ಐದಾರು ವರ್ಷಗಳಿಂದ ಬೇಸಾಯವಿಲ್ಲದೆ ಹಡಿಲು ಬಿದ್ದಿತ್ತು. ಹುಲ್ಲು ಬೆಳೆದು ಹಂದಿ ಸೇರುತ್ತವೆ ಎಂದು ಪಕ್ಕದ ಗದ್ದೆಯವರ ದೂರು. ಯಾರಾದರೂ ಬೇಸಾಯ ಮಾಡಿದರೆ ಸಾಕು, ಗೇಣಿಯೂ ಬೇಡ ಎಂದು ಅವರು ಹೇಳಿ ಮುಗಿಸುವ ಮೊದಲೇ ರೇಣುಕವ್ವ ಸಿಮೆಂಟಿನ ಕೈಯಲ್ಲೇ ಕೈ ಮುಗಿದು ನಿಂತಿದ್ದಳು. ರೇವಪ್ಪ ಕರಣೆ ಹಿಡಿದುಕೊಂಡೇ ತಲೆ ಚಚ್ಚಿಕೊಂಡ.

ಅಲ್ಲಿಂದ ಶುರುವಾಯಿತು ನೋಡಿ ರೇಣುಕವ್ವನ ಲೆಕ್ಕಾಚಾರ. ಕರಾವಳಿಯಲ್ಲಿ ಆಷಾಢದ ಹೊತ್ತಿನ ಆಟಿ ತಿಂಗಳು ಕಾಲಿಡುವ ಮೊದಲೇ ನಾಟಿ ಮುಗಿಯಬೇಕು. ಹಾಗೆ ಮುಗಿಸಿದರೆ ದಸರಾ ಕಳೆಯುವಾಗ ಭತ್ತ ಹಣ್ಣಾಗಿ ಕೊಯ್ಲಿಗೆ ನಿಂತಿರುತ್ತದೆ. ಸೀಗೆ ಹುಣ್ಣಿಮೆ ಬರುವುದು ದಸರೆಯ ಬೆನ್ನಿಗೇ. ಅಂದರೆ ಹುಣ್ಣಿಮೆಯ ದಿನ ಗದ್ದೆ ಬಸುರಿಯಲ್ಲ, ಬಾಣಂತಿ. ಹೆತ್ತವಳಿಗೆ ಸೀಮಂತ ಮಾಡಿದವರುಂಟೇ? ಆದ್ದರಿಂದ ಅವಳು ಊರೆಲ್ಲ ನಾಟಿ ಮುಗಿಸಿ ಕೈಕಾಲು ತೊಳೆದುಕೊಂಡ ಮೇಲೆ, ಆಟಿಯ ನಡುವೆ, ತನ್ನ ಭತ್ತದ ನೇಜಿ ನೆಟ್ಟಳು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಬಯಲಿನವರು ಆಡಿಕೊಂಡರು.

ಆಡಿಕೊಳ್ಳದೆ ನೇರ ಬಂದು ಹೇಳಿದವಳು ವಾರಿಜಾ ಒಬ್ಬಳೇ. ರೇಣುಕವ್ವನ ಗದ್ದೆಯ ಹಿಂದಿನ ಗದ್ದೆಗಳು ಅವಳವು. ಎರಡು ದನ ಕಟ್ಟಿಕೊಂಡು, ಬೇಸಾಯ ಬಿಡದೆ ನಡೆಸುವ ಖಡಕ್ಕು ಹೆಂಗಸು. ಬಯಲಿನ ಬಾಯಿಯ ಗದ್ದೆ ತಡ ಮಾಡಬಾರದು, ಮೊದಲು ನೆಡಬೇಕು, ಮೊದಲು ಕೊಯ್ಯಬೇಕು ಎಂದು ಅವಳು ಹೇಳಿದಳು. ರೇಣುಕವ್ವ ತಲೆಯಾಡಿಸಿದಳೇ ಹೊರತು ಅದು ಯಾಕೆಂದು ಕೇಳಲಿಲ್ಲ. ಅವಳ ಸೀಮೆಯಲ್ಲಿ ಪ್ರತಿ ಹೊಲಕ್ಕೂ ಬಂಡಿ ದಾರಿ ಇರುತ್ತದೆ. ಒಬ್ಬರ ಹೊಲ ಇನ್ನೊಬ್ಬರಿಗೆ ಬಾಗಿಲಾಗಬಹುದು ಎಂಬುದು ಅವಳ ತಲೆಗೆ ಹೊಳೆಯುವ ಮಾತೇ ಆಗಿರಲಿಲ್ಲ.

ಮಳೆ ಬಿಟ್ಟಿತು. ಅಬ್ಬಾ, ಆ ದಿನಗಳು! ಕೆಲಸ ಮುಗಿಸಿ ಕಟಪಾಡಿಯಲ್ಲಿ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಗದ್ದೆಗೆ ಬರುತ್ತಿದ್ದಳು. ನಾಲ್ಕು ತಿಂಗಳು ಕೆಸರು ಹೊತ್ತು ಹರಿದ ತೋಡು ತಿಳಿಯಾಗಿ, ಅಡಿಯ ಮರಳು ಕಾಣುತ್ತಿತ್ತು. ಪಾಚಿ ಹಿಡಿದಿದ್ದ ಗದ್ದೆಯಂಚಿನ ಬದುಗಳು ಒಣಗಿ ನಡೆಯಲು ಬರುತ್ತಿದ್ದವು. ಸಂಜೆಯ ಬಿಸಿಲಲ್ಲಿ ಏರೋಪ್ಲೇನ್ ಹುಳಗಳು ಪೈರಿನ ಮೇಲೆ ಗುಂಪು ಗುಂಪಾಗಿ ಹಾರುತ್ತಿದ್ದವು. ಎಲ್ಲಿಂದಲೋ ನವರಾತ್ರಿಯ ಹುಲಿವೇಷದ ತಾಸೆಯ ಸದ್ದು ಕೇಳುತ್ತಿತ್ತು. ಅವಳು ಅಂಚಿನ ಮೇಲೆ ಕುಳಿತು, ಎಲೆಯಡಿಕೆ ಹಾಕಿಕೊಂಡು, ಯಾರ ಅಪ್ಪಣೆಯೂ ಇಲ್ಲದೆ ಸುಮ್ಮನೆ ಕೂರುತ್ತಿದ್ದಳು. ಈ ಊರಿಗೆ ಬಂದ ಮೇಲೆ ಸುಮ್ಮನೆ ಕೂತದ್ದು ಇದೇ ಮೊದಲು ಎಂದು ಒಮ್ಮೆ ಅವಳಿಗೇ ಹೊಳೆದು, ನಗು ಬಂತು.

ಒಂದು ನವಿಲು ಬಂದಾಗ ಅದೃಷ್ಟವೆಂದು ಕೈಮುಗಿದಳು. ಮರುದಿನ ಅದು ಸಂಸಾರ ಸಮೇತ ಬಂದು ತೆನೆಗೆ ಬಾಯಿ ಹಾಕಿದಾಗ ಅದೇ ಕೈಯಲ್ಲಿ ತಟ್ಟೆ ಬಡಿದು, ರೋಣದ ಬೈಗುಳಗಳನ್ನೆಲ್ಲ ತುಳುನಾಡಿನ ನವಿಲಿಗೆ ಕಲಿಸಿದಳು. ತೆನೆ ಹೊರಬಂದಿತ್ತು. ಒಂದು ಕಾಳನ್ನು ಉಗುರಲ್ಲಿ ಒತ್ತಿದರೆ ಬಿಳಿ ಹಾಲು ಬರುತ್ತಿತ್ತು. ಹುಣ್ಣಿಮೆಗೆ ಇನ್ನು ಮೂರೇ ದಿನ. ಅವಳ ಲೆಕ್ಕ ಒಂದಿಷ್ಟೂ ತಪ್ಪಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಕಟಾವಿನ ಮಿಷನ್ ಬಂತು.

ಮಿಷನ್ ತರಿಸಿದವನು ಗುರುಪ್ರಸಾದ್, ರಮಾಮಣಿ ಟೀಚರ ಅಣ್ಣನ ಮಗ. ಸುತ್ತಲಿನ ಬಯಲುಗಳಿಗೆಲ್ಲ ಪ್ರತಿ ವರ್ಷ ಅವನೇ ತರಿಸುವುದು. ರಸ್ತೆ ಬದಿಯ ಗದ್ದೆಗಳನ್ನು ಮುಗಿಸಿಕೊಂಡು ಬಂದ ಮಿಷನ್ ರೇಣುಕವ್ವನ ಗದ್ದೆಯೆದುರು ನಿಂತುಬಿಟ್ಟಿತು. ಹಿಂದೆ ವಾರಿಜಳ ಭತ್ತ ಹಣ್ಣಾಗಿ, ಕೆಲವು ಕಡೆ ಮಲಗಲೂ ಶುರುವಾಗಿತ್ತು. ಅಲ್ಲಿಗೆ ಹೋಗಬೇಕಾದರೆ ಒಂದು ಬದಿಗೆ ತೋಡು, ಇನ್ನೊಂದು ಬದಿಗೆ ತೆಂಗಿನ ತೋಟದ ಕಾಂಪೌಂಡು ಗೋಡೆ. ಮೊದಲು ಅಲ್ಲೊಂದು ಓಣಿಯಿತ್ತು, ಹೋದ ಬೇಸಿಗೆಯಲ್ಲಿ ಗೋಡೆ ಕಟ್ಟಿ ಮುಚ್ಚಿದ್ದರು. ಗೋಡೆ ಕಟ್ಟಿದವನು ಬೇರೆ ಯಾರೂ ಅಲ್ಲ, ನಮ್ಮ ರೇವಪ್ಪನೇ. ಈಗ ಉಳಿದ ದಾರಿ ಒಂದೇ, ರೇಣುಕವ್ವನ ಹಸಿರು ಗದ್ದೆಯ ನಟ್ಟನಡುವೆ.

ಗುರುಪ್ರಸಾದ್ ಕೆಟ್ಟವನಲ್ಲ. ಮಿಷನ್ ಹೋಗುವಷ್ಟು ಅಗಲ ಬಿಟ್ಟುಕೊಟ್ಟರೆ ಸಾಕು, ಹಾಳಾದದ್ದಕ್ಕೆ ಏನಾದರೂ ಕೊಡಿಸುತ್ತೇನೆ ಎಂದು ಮೆತ್ತಗೇ ಹೇಳಿದ. ನಾಳೆ ಬೆಳಿಗ್ಗೆ ಮಿಷನ್ ಬಜಗೋಳಿ ಕಡೆಗೆ ಹೋಗಬೇಕು, ಮತ್ತೆ ಈ ವರ್ಷ ಇತ್ತ ಬರುವುದಿಲ್ಲ ಎಂದ. ರೇಣುಕವ್ವ ಅಂಚಿನಿಂದ ಕದಲದಿದ್ದಾಗ ಅತ್ತೆಗೆ ಫೋನು ಮಾಡಿದ. ಗದ್ದೆ ನನ್ನದು, ಬೆಳೆ ರೇಣುಕಳದು, ಅವಳನ್ನೇ ಕೇಳು ಎಂದು ಟೀಚರ್ ಫೋನು ಇಟ್ಟರು. ಟೀಚರ್ ಬೈದು ಬಿಟ್ಟಿದ್ದರೂ ರೇಣುಕವ್ವನಿಗೆ ಸಲೀಸಾಗುತ್ತಿತ್ತು. ಈಗ ತಪ್ಪಿಸಿಕೊಳ್ಳಲು ಯಾರ ಹೆಸರೂ ಉಳಿಯಲಿಲ್ಲ.

ವಾರಿಜಾ ಅಂಚಿನ ಮೇಲೆ ಬಂದು ನಿಂತಳು.

"ನಾನು ಆಗಲೇ ಹೇಳಿದ್ದೆ ಅಲ್ವಾ ಮಾರಾಯ್ತಿ? ದಿನಾ ಸಂಜೆ ಗುಡುಗುತ್ತಾ ಉಂಟು. ಒಂದು ಮಳೆ ಬಂದ್ರೆ ನಂದು ಎಲ್ಲ ನೀರಲ್ಲಿ ಮೊಳಕೆ ಬರ್ತದೆ. ನಿನ್ನ ಹಬ್ಬಕ್ಕೆ ನಾನು ಎಂತ ತಿನ್ನುದು?"

ರೇಣುಕವ್ವನಿಗೆ ಆಗ ಅರ್ಥವಾಯಿತು, ಬಾಯಿಯ ಗದ್ದೆ ತಡವಾಗಬಾರದು ಎಂದದ್ದು ಯಾಕೆ ಎಂದು. ತಪ್ಪು ತನ್ನದೇ. ಇಪ್ಪತ್ತು ವರ್ಷ ಕಾದು ಹಿಡಿದ ದಿನಕ್ಕಾಗಿ ಇನ್ನೊಬ್ಬ ಹೆಂಗಸಿನ ವರ್ಷದ ಅನ್ನಕ್ಕೆ ಅಡ್ಡ ಕುಳಿತುಬಿಟ್ಟಿದ್ದಳು. ಒಂದು ಕಡೆ ವಾರಿಜಳ ಮಲಗಿದ ಭತ್ತ, ಇನ್ನೊಂದು ಕಡೆ ಹಾಲು ತುಂಬಿ ನಿಂತ ತನ್ನ ತೆನೆ. ಚರಗ ಚೆಲ್ಲುವ ಮೊದಲು ಬಸುರಿ ಹೊಲಕ್ಕೆ ಕುಡಗೋಲಿನ ತುದಿಯನ್ನೂ ತಾಗಿಸದ ಮನೆಯಲ್ಲಿ ಹುಟ್ಟಿದವಳು ಅವಳು. ಮಿಷನ್ನಿನ ಚಕ್ರಪಟ್ಟಿಗಳನ್ನು ಒಮ್ಮೆ ನೋಡಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡಳು.

"ಬಸುರಿ ಹೊಟ್ಟಿ ಮ್ಯಾಲೆ ಗಾಡಿ ಹೊಡೀತಾರೇನ್ರಿ?" ಎಂದಳು ಗುರುಪ್ರಸಾದನಿಗೆ. ಆಮೇಲೆ ವಾರಿಜಳ ಕಡೆ ತಿರುಗಿದಳು. "ನಂದು ತಪ್ಪಾಗೇತಿ ಅಕ್ಕಾ. ಆದ್ರ ಇವತ್ತೊಂದು ದಿನ ನನ್ನ ನಂಬ್ರಿ. ನಿಮ್ಮ ಭತ್ತ ನಾಳಿ ಸಂಜಿಯೊಳಗ ನಿಮ್ಮ ಅಂಗಳದಾಗ ಇರತೈತಿ. ಒಂದು ಕಾಳು ನೆಲಕ್ಕ ಬಿಡಂಗಿಲ್ಲ."

ವಾರಿಜಾ ನಂಬಿದಳೆಂದಲ್ಲ. ಕೈಯಲ್ಲಿ ಕೊಯ್ಯುವವರು ಈಗ ಎಲ್ಲಿ ಸಿಗುತ್ತಾರೆ ಎಂದು ಗೊಣಗಿದಳು. ಆದರೆ ಬಸುರಿ ಹೊಟ್ಟೆಯ ಮಾತು ಕೇಳಿದ ಮೇಲೆ ಮಿಷನ್ ಹೊಡೆಯಿರಿ ಎನ್ನಲು ಅವಳಿಗೂ ಬಾಯಿ ಬರಲಿಲ್ಲ. ಮಿಷನ್ ಹಿಂದಕ್ಕೆ ತಿರುಗಿ ಹೋಯಿತು. ಅದರ ಸದ್ದು ಅಡಗುವವರೆಗೂ ಇಬ್ಬರು ಹೆಂಗಸರೂ ಅಂಚಿನ ಮೇಲೇ ನಿಂತಿದ್ದರು.

ಕಟಪಾಡಿ ಜಂಕ್ಷನ್ನಿನಲ್ಲಿ ದಿನಾ ಬೆಳಿಗ್ಗೆ ಕೆಲಸಕ್ಕೆ ಕಾದು ನಿಲ್ಲುವ ಜನ ಹೆಚ್ಚಾಗಿ ರೇಣುಕವ್ವನ ಸೀಮೆಯವರೇ. ಅಂದು ಸಂಜೆ ಅವಳು ಅವರ ಬಾಡಿಗೆ ಕೋಣೆಗಳ ಬಾಗಿಲು ಬಾಗಿಲಿಗೆ ಹೋದಳು. ಹಬ್ಬಕ್ಕೆ ಕರೆದರೆ ಬರುತ್ತಾರೆ, ಕೆಲಸಕ್ಕೆ ಕರೆದರೆ ಕೂಲಿ ಕೇಳುತ್ತಾರೆ ಎಂದು ರೇವಪ್ಪ ಎಚ್ಚರಿಸಿದ್ದ. ಅವಳು ಕೂಲಿಯ ಮಾತೇ ಎತ್ತಲಿಲ್ಲ. ಮುಯ್ಯಾಳಿಗೆ ಬರ್ರಿ ಎಂದಳು, ಅಷ್ಟೇ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂಬ ಆ ಊರಿನ ಮಾತು ಕೇಳಿ ಎಷ್ಟೋ ವರ್ಷಗಳಾಗಿತ್ತು. ಹೊಲವೇ ಇಲ್ಲದವರನ್ನು ಮುಯ್ಯಾಳಿಗೆ ಕರೆಯುವವರು ಯಾರು? ಒಬ್ಬ ಮುದುಕ ತಾನು ಕೂತ ಜಾಗದಿಂದಲೇ, ಕುಡಗೋಲು ಯಾರು ಕೊಡುತ್ತಾರೆ ಎಂದು ಕೇಳಿದ. ಅಲ್ಲಿಗೆ ಕೆಲಸ ಅರ್ಧ ಆದಂತೆಯೇ.

ಭಾನುವಾರ ಬೆಳಕು ಹರಿಯುವಾಗ ಬಯಲಿಗೆ ಇಳಿದ ಜನ ನೋಡಿ ವಾರಿಜಾ ಕೈಯಲ್ಲಿದ್ದ ಹಾಲಿನ ಚೊಂಬು ಕೆಳಗಿಟ್ಟಳು. ಅಟ್ಟದಿಂದ ಹಳೆಯ ಕೊಯ್ಲಿನ ಕತ್ತಿಗಳನ್ನೆಲ್ಲ ಇಳಿಸಿ ಕೊಟ್ಟಳು. ಜೋಳ ಕೊಯ್ದ ಕೈಗಳಿಗೆ ಭತ್ತ ಸಿಕ್ಕರೆ ಹೇಗೆ ಎಂಬ ಅನುಮಾನ ಅವಳಿಗೆ ಇದ್ದೇ ಇತ್ತು. ಮೊದಲ ಸಾಲಿನಲ್ಲಿ ಅವರು ಜೋಳದ ಹಾಗೆ ಬುಡಕ್ಕೇ ಹಾಕಿ, ಕೆಸರು ಸಮೇತ ಎಳೆದಾಗ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ತಾನೇ ಇಳಿದಳು. ಹಿಡಿ ಹಿಡಿಯುವುದು ಹೀಗೆ, ಕೊಯ್ದು ಇಡುವುದು ಹೀಗೆ ಎಂದು ತೋರಿಸಿದಳು. ಎರಡನೆಯ ಸಾಲಿನಲ್ಲಿ ಅವರು ಕಲಿತರು. ಮೂರನೆಯ ಸಾಲಿನಲ್ಲಿ ವಾರಿಜಳೇ ಹಿಂದೆ ಬಿದ್ದಳು.

ರಜೆಯಿದ್ದ ಜಯಮಾಲಾ ಚಹಾ ತಂದವಳು ಹಾಗೆಯೇ ಹೋಗಲಿಲ್ಲ. ಇತ್ತ ತುಳುವಿನಲ್ಲಿ ವಾರಿಜಳಿಗೆ, ಅತ್ತ ತನ್ನವರಿಗೆ ಅವರ ಮಾತಿನಲ್ಲಿ, ಇಬ್ಬರ ನಡುವೆ ಮಾತು ದಾಟಿಸುತ್ತ ಕತ್ತಿ ಹಿಡಿದಳು. ಮಧ್ಯಾಹ್ನ ಕಳೆದು ಕೊನೆಯ ಸಾಲೂ ಮುಗಿಯಿತು. ಕಾರ್ಕಳದ ಕಡೆಯ ಆಕಾಶ ಕಪ್ಪಾಯಿತು, ಒಂದು ಗುಡುಗು ಉರುಳಿತು. ಆಗ ಎಲ್ಲರೂ ಕತ್ತಿ ಬಿಟ್ಟು ಕಟ್ಟು ಹೊರತೊಡಗಿದರು. ಇಪ್ಪತ್ತು ವರ್ಷ ಸಿಮೆಂಟು ಹೊತ್ತ ತಲೆಗಳಿಗೆ ಭತ್ತದ ಕಟ್ಟು ಒಂದು ಭಾರವೇ? ಬಾಂಡ್ಲಿ ಸಾಗಿಸುವಂತೆಯೇ ಸಾಲು ನಿಂತು, ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ, ಅಂಚಿನಿಂದ ಅಂಗಳಕ್ಕೆ ಕಟ್ಟುಗಳು ಓಡಿದವು. ಕೊನೆಯ ಕಟ್ಟು ವಾರಿಜಳ ಚಪ್ಪರದಡಿಗೆ ಬಿದ್ದು, ರೇವಪ್ಪ ಟಾರ್ಪಾಲು ಎಳೆದ ಮೇಲೆ ಮಳೆ ಬಂತು. ನೆನೆದದ್ದು ಜನ ಮಾತ್ರ.

ವಾರಿಜಾ ಒಂದು ಕಟ್ಟಿನ ಪಕ್ಕ ಕುಳಿತು ಹುಲ್ಲನ್ನು ಸವರಿದಳು. ಮಿಷನ್ ಹುಲ್ಲನ್ನು ಕತ್ತರಿಸಿ ಉಗುಳುತ್ತದೆ, ದನಕ್ಕೆ ಸಿಗುವುದು ಪುಡಿ. ಇಷ್ಟುದ್ದದ ಹುಲ್ಲು ಅಂಗಳಕ್ಕೆ ಬಂದು ಎಷ್ಟೋ ವರ್ಷಗಳಾಗಿತ್ತು. ಭತ್ತ ಬಡಿಯುವ ಪಡಿಮಂಚವನ್ನು ಕೊಟ್ಟಿಗೆಯಿಂದ ತನ್ನಿ ಎಂದು ಗಂಡಸರಿಗೆ ಹೇಳಿದಳು. ಅವಳ ದನಿಯಲ್ಲಿ ಸಿಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ.

ಹುಣ್ಣಿಮೆಯ ದಿನ ಜಂಕ್ಷನ್ನಿನಲ್ಲಿ ಕೆಲಸಕ್ಕೆ ನಿಲ್ಲುವ ಜಾಗ ಖಾಲಿ. ಎಲ್ಲರೂ ಬಯಲಿನಲ್ಲಿದ್ದರು. ರೇಣುಕವ್ವ ಕೆಂಪು ಮುರಕಲ್ಲಿನ ಐದು ತುಂಡು ಹುಡುಕಿ ಸುಣ್ಣ ಹಚ್ಚಿದಳು. ಎಷ್ಟು ಹಚ್ಚಿದರೂ ಕೆಂಪು ಇಣುಕುತ್ತಿತ್ತು. ಈ ಊರಿಗೆ ಬಂದ ಮೇಲೆ ಪಾಂಡವರೂ ಎಲೆಯಡಿಕೆ ಕಲಿತಿದ್ದಾರೆ ಎಂದ ರೇವಪ್ಪ. ಅಂಬಲಪಾಡಿಯಿಂದ ಆಟೋ ಮಾಡಿಕೊಂಡು ಬಂದ ರಮಾಮಣಿ ಟೀಚರ್, ಚಪ್ಪಲಿ ಬಿಟ್ಟು ಅಂಚಿನ ಮೇಲೆ ನಡೆದು ಬಂದು, ತಾನು ಈ ಗದ್ದೆಯಲ್ಲಿ ಕೊನೆಯ ಸಲ ನಿಂತದ್ದು ಮದುವೆಗೆ ಮೊದಲು ಎಂದು ಹೇಳಿ ಒಂದು ತೆನೆಯನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಬಯಲೆಲ್ಲ ಕೊಯ್ದು ಬೋಳಾಗಿತ್ತು. ನಡುವೆ ಒಂದೇ ಒಂದು ಗದ್ದೆ, ತುಂಬಿದ ತೆನೆಯ ಭಾರಕ್ಕೆ ತಲೆ ಬಾಗಿಸಿಕೊಂಡು, ಇಡಿಯಾಗಿ ನಿಂತಿತ್ತು.

ರೇವಪ್ಪ ಬುಟ್ಟಿ ಹಿಡಿದ. ರೇಣುಕವ್ವ ಮುಷ್ಟಿ ತುಂಬ ಚರಗ ತೆಗೆದು, ಮೊದಲ ತೆನೆಗಳ ಮೇಲೆ ಚೆಲ್ಲಿ, "ಹುಲ್ಲುಲ್ಲಿಗೋ" ಎಂದು ಕೂಗಿದಳು. ಪಾಯದ ಗುಂಡಿಯ ಸುತ್ತ ಕೂಗಿದ್ದು ಇದೇ ಮಾತು. ಆಗ ಹಿಂದಿನಿಂದ ಓಗೊಡುವವರು ಇರಲಿಲ್ಲ. ಈಗ ಅವಳ ಹಿಂದೆ ಎಲ್ಲರಿಗಿಂತ ಮೊದಲು ಒಂದು ಎಳೆಯ ದನಿ, ಸ್ವಲ್ಪ ತುಳುವಿನ ರಾಗದಲ್ಲಿ, "ಚಳ್ಳಂಬ್ರಿಗೋ" ಎಂದಿತು. ಜಯಮಾಲಾ. ಆಮೇಲೆ ಉಳಿದವರೆಲ್ಲ ದನಿ ಸೇರಿಸಿದರು. ರೇಣುಕವ್ವ ಹಿಂದೆ ತಿರುಗಲಿಲ್ಲ, ತಿರುಗಿದ್ದರೆ ಅತ್ತುಬಿಡುತ್ತಿದ್ದಳು. ಮುಂದೆ ನಡೆದಳು, ಮತ್ತೆ ಕೂಗಿದಳು, ಇನ್ನೂ ಜೋರಾಗಿ.

ಹಿಂದಿನ ಅಂಚು ಮುಟ್ಟಿದಾಗ ಕೊಯ್ದ ಗದ್ದೆಯ ನಡುವೆ ವಾರಿಜಾ ನಿಂತಿದ್ದಳು. ಕೈಯಲ್ಲಿ ಅರಸಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಗಟ್ಟಿ ಎಂಬ ಕಡುಬಿನ ಪಾತ್ರೆ. ಇವರ ಕೂಗಿಗೆ ಏನು ಉತ್ತರ ಕೊಡಬೇಕೆಂದು ಅವಳಿಗೆ ತಿಳಿಯದು. ತಿಳಿದದ್ದು ಒಂದೇ, ದೀಪಾವಳಿಯಂದು ಗದ್ದೆಯಲ್ಲಿ ದೀಪವಿಟ್ಟು ಬಲೀಂದ್ರನನ್ನು ಕರೆಯುವ ಕೂಗು. ಅವಳು ತಲೆಯೆತ್ತಿ ಅದನ್ನೇ ಹಾಕಿದಳು: "ಕೂ..." ತೆಂಗಿನ ತೋಟದವರೆಗೆ ಹೋಗಿ ಅದು ತಿರುಗಿ ಬಂತು.

ಊಟಕ್ಕೆ ಕುಳಿತಾಗ ರೇಣುಕವ್ವ ಅವಳ ಎಲೆಗೆ ಕಡುಬು ಬಡಿಸುತ್ತ, ಬರುವ ವರ್ಷ ಎಲ್ಲರಿಗಿಂತ ಮೊದಲು ನಾಟಿ ಮುಗಿಸುತ್ತೇನೆ, ಇನ್ನು ಯಾರ ದಾರಿಗೂ ಅಡ್ಡ ಬರುವುದಿಲ್ಲ, ಒಂದು ಹುಣ್ಣಿಮೆ ಸಿಕ್ಕಿತು, ಸಾಕು ಎಂದಳು. ವಾರಿಜಾ ಕಡುಬು ಮುರಿದು ಬಾಯಿಗಿಟ್ಟು, ಹಾಲು ತುಂಬಿದ ಆ ಗದ್ದೆಯನ್ನೂ ತನ್ನ ಬೋಳು ಗದ್ದೆಯನ್ನೂ ನೋಡಿದಳು.

"ಎಂತ ಸಾಕು? ಬರುವ ವರ್ಷ ನಾನೂ ನಿನ್ನ ಒಟ್ಟಿಗೇ ತಡ ಮಾಡಿ ನೆಡುದು" ಎಂದಳು. "ಕೊಯ್ಯಲಿಕ್ಕೆ ಜನ ಉಂಟಲ್ಲ. ನನ್ನ ಗದ್ದೆಗೂ ಒಂದು ಸೀಮಂತ ಆಗ್ಲಿ."